ಬೆಣ್ಣೆ ಹಚ್ಚಿದ ಕಲ್ಲು

ಕೋವಿಡ್ ಇಳಿದ ಮರುವರ್ಷ. ಚನ್ನಗಿರಿಯ ಒಂದು ಆಸ್ಪತ್ರೆಯಲ್ಲಿ ನಾನು ಕೌನ್ಸೆಲರ್. ಮಾತ್ರೆ ಬರೆಯುವ ಅಧಿಕಾರವಿಲ್ಲ, ಕೂರಿಸಿಕೊಂಡು ಮಾತಾಡುವುದಷ್ಟೇ ಕೆಲಸ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮಾತಾಡಿ ಮಾತಾಡಿ ನನಗೇ ಸಾಕಾಗಿತ್ತು.

ಸೂಳೆಕೆರೆ ಕಡೆಯ ಹಳ್ಳಿಯಿಂದ ಹಾಲಮ್ಮ ಮತ್ತು ಅವರ ಗಂಡ, ಮಗಳು ಕವಿತಾಳನ್ನು ಕರೆತಂದರು. ಇಪ್ಪತ್ತಮೂರರ ಹುಡುಗಿ. ಬಂದ ಗಂಡುಗಳನ್ನೆಲ್ಲ ಬೇಡವೆಂದು, ಕೊನೆಗೆ ತಾನು ಪ್ರೀತಿಸುವುದು ಹೊನ್ನಾಳಿಯ ಗೆಳತಿಯನ್ನು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು. ಅಂದಿನಿಂದ ಅಪ್ಪ ಮೊಬೈಲಿನಲ್ಲಿ ಯಾರೋ ಉಪದೇಶಿಯ ವಿಡಿಯೊ ಹಿಡಿದು ಕೂತಿದ್ದರು. ಹಿಂದೆ ಬತ್ತಲೆ ದೇವಿಯರನ್ನು ಪೂಜಿಸುವ ಗುಪ್ತ ಪಂಥವಿತ್ತಂತೆ, ಅದು ಇಂದಿಗೂ ಸತ್ತಿಲ್ಲವಂತೆ, ಹೆಣ್ಣು ಹೆಣ್ಣನ್ನು ಬಯಸುವುದೆಲ್ಲ ಅದರದೇ ಸಂಚಂತೆ! ಪರಿಹಾರ, ಒಂಬತ್ತು ದಿನ ನಿರಾಹಾರ. ಅಂದು ಐದನೆಯ ದಿನ. ಹುಡುಗಿಗೆ ನೆಟ್ಟಗೆ ಕೂರುವ ತ್ರಾಣವೂ ಇರಲಿಲ್ಲ. ಅದನ್ನು ನೋಡಲಾರದೆ ಹಾಲಮ್ಮನೇ ಆಸ್ಪತ್ರೆಗೆ ಹೊರಡಿಸಿದ್ದರು.

"ನಮ್ಮೂರಾಗೂ ಅಂಥ ಕಲ್ಲು ಐತ್ರೀ ಮೇಡಂ," ಎಂದರು ಅಪ್ಪ. "ತಲೆ ಇಲ್ಲ, ಮೈಮ್ಯಾಲೆ ಬಟ್ಟೆ ಇಲ್ಲ."

ಇಲ್ಲಿ ನಾನು ಎಡವಿದೆ. ಓದಿದ ಜಂಭ, ಇನ್ನೇನು! ಅದು ಸಂತಾನ ಕೊಡುವ ದೇವಿ, ನಮ್ಮ ಸೀಮೆಯಲ್ಲಿ ತಲೆತಲಾಂತರದಿಂದ ಪೂಜೆ ನಡೆದಿದೆ ಎಂದು ಪಾಠ ಶುರುಮಾಡಿದೆ. ಅವರು ಹೆಂಡತಿಯತ್ತ ತಿರುಗಿ, "ಕೇಳ್ದೇನು? ಮೇಡಮ್ಮೋರೇ ಒಪ್ಕಂಡ್ರು, ಪೂಜೆ ಇತ್ತಂತೆ!" ಎಂದರು. ಹಾಲಮ್ಮನ ಮುಖ ಬಿಳಿಚಿಕೊಂಡಿತು. ಅವರ ಭಯಕ್ಕೆ ನಾನೇ ಸಾಕ್ಷಿ ಒದಗಿಸಿದ್ದೆ.

ಕವಿತಾಳನ್ನು ಒಬ್ಬಳೇ ಕೂರಿಸಿ ಕೇಳಿದೆ. "ಅವ್ವ ಅಳೋದು ನೋಡಾಕಾಗಲ್ಲ ಮೇಡಂ. ಅದಕ್ಕೇ ಉಪಾಸಕ್ಕೆ ಒಪ್ಕಂಡೆ," ಎನ್ನುತ್ತಲೇ ಕುರ್ಚಿಯಿಂದ ಕುಸಿದಳು. ಡಾಕ್ಟರು ದಾಖಲು ಮಾಡಿಕೊಂಡು ಡ್ರಿಪ್ ಹಾಕಿದರು. ಪ್ರಜ್ಞೆ ಬಂದಮೇಲೂ ಅಪ್ಪ ಗಂಜಿಯ ಲೋಟವನ್ನು ಹತ್ತಿರ ಬಿಡಲಿಲ್ಲ. ಇನ್ನು ನಾಲ್ಕೇ ದಿನ ಎಂದು ಹಟ. ನಾಲ್ಕು ದಿನದಲ್ಲಿ ಹುಡುಗಿ ಉಳಿಯುವುದಿಲ್ಲ ಎಂದು ಡಾಕ್ಟರು ಗದರಿದರೂ ಜಪ್ಪಯ್ಯ ಅನ್ನಲಿಲ್ಲ.

ಹಾಲಮ್ಮನನ್ನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡೆ. ಈ ಸಲ ಪಾಠ ಹೇಳಲಿಲ್ಲ. "ನೀವ್ಯಾಕಮ್ಮಾ ಇಷ್ಟು ಹೆದರಿದ್ದೀರಿ?" ಎಂದೆ.

"ಏಳು ವರ್ಷ ಮಕ್ಕಳಿರ್ಲಿಲ್ರೀ. ಆ ಕಲ್ಲಿಗೆ ಬೆಣ್ಣೆ ಹಚ್ಚಿ ಹರಕೆ ಹೊತ್ತೆ, ಇವಳು ಹುಟ್ಟಿದ್ಲು. ನಾನೇ ಅಲ್ಲೇನ್ರೀ ಮಗಳನ್ನ ಅದರ ಕೈಗೆ ಕೊಟ್ಟೋಳು?"

ಅಯ್ಯೋ ದೇವರೇ!

ಸಂಜೆ ಬುತ್ತಿ ತಂದ ಹಾಲಮ್ಮನ ಅತ್ತೆಗೆ ನಡೆದದ್ದೆಲ್ಲ ಹೇಳಿದೆವು. ಆ ಮುದುಕಿ ಸೀದಾ ಹೋಗಿ ಮಗನೆದುರು ನಿಂತಳು. "ನಿನ್ನೂ ಅದೇ ಕಲ್ಲಿಗೆ ಬೆಣ್ಣೆ ಹಚ್ಚೇ ಹಡೆದಿದ್ದು ಕಣೋ. ಊರಾಗೆ ಅರ್ಧ ಮಂದಿ ಹಂಗೇ ಹುಟ್ಟಿರೋದು. ಉಪಾಸ ಬೇಕಿದ್ರೆ ನೀನು ಬೀಳು. ಸರಿ ಆ ಕಡೆ, ಕೂಸಿಗೆ ಗಂಜಿ ಕುಡಿಸ್ತೀನಿ!"

ಆತ ಸರಿದು ನಿಂತ. ವಿಡಿಯೊ ನೋಡುವುದನ್ನು ಬಿಟ್ಟನೆಂದೇನೂ ನಾನು ನಂಬಿಲ್ಲ. ಹುಡುಗಿಯ ಹೊಟ್ಟೆಗೆ ಗಂಜಿಯಂತೂ ಹೋಯಿತು.

ವಾದ ಹೂಡುವ ಮೊದಲು, ಎದುರಿಗಿರುವವರು ಯಾವ ತಪ್ಪನ್ನು ತಲೆಯ ಮೇಲೆ ಹೊತ್ತು ಬಂದಿದ್ದಾರೆಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತೀರ ತಡವಾಗಿ. ಕೇಳಿದ ಮಾತ್ರಕ್ಕೆ ಪೂರ್ತಿ ಗೆಲ್ಲುತ್ತೇವೆಂದೂ ಅಲ್ಲ.

ಮರುದಿನ ಮಗಳ ಮಂಚದ ಪಕ್ಕದಲ್ಲಿ ಹಾಲಮ್ಮ ನನ್ನ ಕೈ ಹಿಡಿದುಕೊಂಡರು. "ಹಂಗಾದ್ರೆ ತಪ್ಪು ನಂದಲ್ಲೇನ್ರೀ?"

"ನಿಮ್ಮದಲ್ಲ ಕಣಮ್ಮಾ. ಇಲ್ಲಿ ಯಾರ ತಪ್ಪೂ ಇಲ್ಲ, ಅವಳದ್ದೂ ಇಲ್ಲ."

ಮೊದಲ ಮಾತಿಗೇ ಅವರು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಉಳಿದದ್ದು ಅವರ ಕಿವಿಗೆ ಬೀಳಲಿಲ್ಲ. ಮತ್ತೆ ಹೇಳುವ ಶಕ್ತಿ ನನ್ನಲ್ಲೂ ಉಳಿದಿರಲಿಲ್ಲ.

ಗೋಡೆಯ ಕಡೆ ಮುಖಮಾಡಿ ಮಲಗಿದ್ದ ಕವಿತಾ ನಿಧಾನಕ್ಕೆ ಈಚೆ ಹೊರಳಿದಳು. "ನಂಗೆ ಕೇಳಿಸ್ತು ಮೇಡಂ," ಎಂದಳು.