ಎಲ್ಲರೂ ಜೂನ್ ಒಂದರಂದು ಹುಟ್ಟಿದ ಊರು

ನನ್ನ ತರಗತಿಯ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದನೇ ತಾರೀಖು. ಎಪ್ಪತ್ತರ ದಶಕದ ಆರಂಭ. ನವಲಗುಂದ ತಾಲೂಕು, ಯಮನೂರಿನಾಚೆಯ ಒಂದು ಹಳ್ಳಿಶಾಲೆ. ಮೊದಲ ದಿನ ದಾಖಲಾತಿ ರಿಜಿಸ್ಟರಿನ ಮೇಲೆ ಬೆರಳಿಟ್ಟು ಕೆಳಗಿಳಿದಂತೆ ಅದೇ ತಾರೀಖು, ಅದೇ ಶಾಯಿ. ಯಾರೋ ಊರಿನ ಮಕ್ಕಳನ್ನೆಲ್ಲ ಒಂದೇ ದಿನ ಹೆರಿಸಿದಂತೆ.

ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಆಕ್ಯುರೆಸಿಯನ್ನು ಪ್ರಾರ್ಥನೆಯಂತೆ ಕಲಿಸಿದ್ದರು. ಅಲ್ಲಿ ಹೆಂಚಿನ ಮೇಲೆ ಮಳೆ ಮಾತಾಡುತ್ತಿತ್ತು. ಇಲ್ಲಿನ ಮಣ್ಣಿನ ಮಾಳಿಗೆ ಸದ್ದನ್ನೆಲ್ಲ ನುಂಗುತ್ತದೆ. ಅಲ್ಲಿ ಮೀನು, ಇಲ್ಲಿ ಜೋಳದ ರೊಟ್ಟಿ. ಬಾವಿ ನೀರು ಉಪ್ಪು, ಕುಡಿಯಲು ಕೆರೆಯ ನೀರು. ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಲು ಕನ್ನಡಿಯೊಂದೇ ಇತ್ತು. ಟೀಚರ್ ಆಗಿದ್ದವಳು ‘ಅಕ್ಕೋರು’ ಆದೆ. ರೊಟ್ಟಿ ಹರಿಯದಂತೆ ಬಡಿಯಲು ಕಲಿಸಿದವಳು ಏಳನೆಯ ಇಯತ್ತೆಯ, ಅಂದರೆ ಏಳನೆಯ ತರಗತಿಯ, ನೀಲವ್ವ. “ಅಕ್ಕೋರ, ನಿಮ್ಮ ರೊಟ್ಟಿ ನೋಡಿ ಎಮ್ಮಿನೂ ಮುಖ ತಿರುವತೈತ್ರಿ” ಎಂದು ನಕ್ಕವಳು. ನನ್ನ ಇಂಗ್ಲಿಷ್ ಪ್ರೈಮರನ್ನು ಒಂದೇ ತಿಂಗಳಲ್ಲಿ ಮುಗಿಸಿದವಳೂ ಅವಳೇ.

ಅವಳು ಹೈಸ್ಕೂಲಿಗೆ ಹೋಗಬೇಕು ಎಂಬುದು ನನ್ನ ಹಟವಾಯಿತು. ಧಾರವಾಡದ ಹಾಸ್ಟೆಲಿನ ಅರ್ಜಿ ತರಿಸಿದೆ. ‘ಜನ್ಮದಿನಾಂಕ’ ಎಂಬಲ್ಲಿ ಪೆನ್ನು ನಿಂತಿತು. ಸುಳ್ಳು ಬರೆಯುವುದು ಹೇಗೆ? ಕೇಳಿ ತಿಳಿಯೋಣವೆಂದು ಅವಳ ಮನೆಗೇ ಹೋದೆ.

ತಾಯಿ ಗಂಗವ್ವ ಬೀಸುತ್ತಿದ್ದಳು. ಅಣ್ಣಿಗೇರಿಯಿಂದ ಬಂದಿದ್ದ ಅವಳ ತಮ್ಮ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ.

“ಸಾಲ್ಯಾಗ ಬರದೈತಲ್ರಿ, ಅದನ್ನ ಬರೀರಿ,” ಎಂದಳು ಗಂಗವ್ವ, ತಲೆ ಎತ್ತದೆ.

“ಅದು ನಿಜವಾದ ತಾರೀಖು ಅಲ್ಲವಲ್ಲ ಗಂಗವ್ವ.”

“ಇರವಲ್ದ್ಯಾಕ ಬಿಡ್ರಿ.”

ನಾನು ಬಿಡಲಿಲ್ಲ. ಮೂಲೆಯಲ್ಲಿದ್ದ ಅಜ್ಜಿಯನ್ನು ಕೇಳಿದೆ. ಜೋಳ ತುಂಬಿಡುವ ನೆಲದೊಳಗಿನ ಕಣಜಕ್ಕೆ ಇಲ್ಲಿ ಹಗೇವು ಎನ್ನುತ್ತಾರೆ. “ನಮ್ಮ ಹಗೇವು ಕುಸದ ವರ್ಷ, ಸೀಗಿ ಹುಣ್ಣಿವಿಗೆ ಹುಟ್ಯಾಳ,” ಎಂದು ಅಜ್ಜಿ ಬೆರಳು ಮಡಚತೊಡಗಿದಳು. ನಾನೂ ಉತ್ಸಾಹದಿಂದ ಜೊತೆಗೆ ಎಣಿಸಿದೆ. ರಿಜಿಸ್ಟರಿನ ಹದಿಮೂರಕ್ಕೆ ನಿಲ್ಲಲಿಲ್ಲ. ಹದಿನೈದು.

ಅಡಕೊತ್ತು ನಿಂತಿತು. “ಯಕ್ಕಾ, ಹದಿಮೂರು, ಹದಿಮೂರು ಅಂತ ಹೆಣ್ಣು ಕೇಳಾಕ ಬಂದ ನನ್ನ ಎರಡು ವರ್ಷ ತಿರುಗಿಸಿದಿ ನೋಡು,” ಎಂದ ಸೋದರಮಾವ, ನಗುತ್ತಲೇ. ಬೀಸುಕಲ್ಲೂ ನಿಂತಿತು. ಗಂಗವ್ವ ನನ್ನನ್ನು ನೋಡಿದ ನೋಟದ ಅರ್ಥ ಆಗ ತಿಳಿಯಲಿಲ್ಲ.

ಮರುದಿನ ರಿಜಿಸ್ಟರಿನಲ್ಲಿ ನೀಲವ್ವನ ಹೆಸರಿನ ಮುಂದಿದ್ದ ಜೂನ್ ಒಂದನ್ನು ಕೆಂಪು ಶಾಯಿಯಿಂದ ಹೊಡೆದು ಸರಿ ಮಾಡಿದೆ. ಹೆಡ್‌ಮಾಸ್ತರರು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು.

“ಅದು ತಪ್ಪಲ್ರಿ ಅಕ್ಕೋರ. ಬೇಕಂತನ ಬರದಿದ್ನಿ. ಹೆಣ್ಣುಹುಡುಗ್ಯಾರಿಗೆ ಎರಡು ವರ್ಷ ಕಡಿಮಿ ಬರದ್ರ ಎರಡು ವರ್ಷ ಸಾಲ್ಯಾಗ ಉಳಿತಾರ. ಅವ್ರ ಅವ್ವಂದೇರು ಗುಟ್ಟಿಲೆ ಬಂದು ಕೇಳಿ ಬರಸ್ತಾರ. ದಾಖಲಿ ತೋರಿಸಿ ಬೀಗರನ್ನ ತಡೀತಾರ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರ ನೀವು ಒಪ್ತಿದ್ರೇನು?”



ಅಂದಿನಿಂದ ಕೆರೆಯ ಬಳಿ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಎರಿಭೂಮಿಯ ಕಪ್ಪು ಮಣ್ಣು ಬಿರುಕು ಬಿಡುವ ಹೊತ್ತಿಗೆ ನೀಲವ್ವನ ಜಾಗ ಖಾಲಿಯಾಯಿತು. ಕೊನೆಗೊಮ್ಮೆ ಬಂದಳು, ಮೊಳಕೈವರೆಗೆ ಹಸಿರು ಬಳೆ. ಪ್ರೈಮರ್ ಮೇಜಿನ ಮೇಲಿಟ್ಟಳು.

“ಪುಸ್ತಕಕ್ಕ ಅರಿಷಿಣ ಹತ್ತೈತ್ರಿ ಅಕ್ಕೋರ. ಭಾಳ ಒರಸಿದ್ನಿ. ಹೋಗವಲ್ದು.”

ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಹಾಸ್ಟೆಲಿನಿಂದ ‘ಸೀಟು ಇದೆ’ ಎಂಬ ಕಾಗದ ಆಮೇಲೆ ಬಂತು.

ಮುಂದಿನ ಜೂನಿನಲ್ಲಿ ಹೆಣ್ಣುಮಕ್ಕಳ ಕೈಹಿಡಿದು ಬಂದ ತಾಯಂದಿರು ನನ್ನ ಮೇಜು ದಾಟಿ ಹೆಡ್‌ಮಾಸ್ತರರ ಮುಂದೆ ನಿಂತರು. ಅದರ ಮುಂದಿನ ವರ್ಷವೂ ಹಾಗೆಯೇ. ನಾನು ಕಲಿಸುವುದು ಚೆನ್ನಾಗಿದೆ ಎನ್ನುತ್ತಿದ್ದರು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು; ಮಗಳ ವಯಸ್ಸನ್ನು ಮಾತ್ರ ನನ್ನ ಎದುರು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಿವೃತ್ತಿಯ ನಂತರವೂ ಇಲ್ಲೇ ಇದ್ದೇನೆ. ಈಗ ನನ್ನ ರೊಟ್ಟಿ ಹರಿಯುವುದಿಲ್ಲ.

ಹೋದ ವರ್ಷ ಮಂಗಳೂರಿಗೆ ಹೋದಾಗ ತಮ್ಮನ ಸೊಸೆ ಮಗಳನ್ನು ನನ್ನ ಮಡಿಲಿಗಿಟ್ಟಳು. “ಆಂಟಿ, ಮಾರ್ಚ್ ಒಂಬತ್ತು, ಬೆಳಿಗ್ಗೆ ಆರು ಹನ್ನೆರಡಕ್ಕೆ ಹುಟ್ಟಿದ್ದು!” ಎಂದಳು, ಗಟ್ಟಿಯಾಗಿ, ಹೆಮ್ಮೆಯಿಂದ. ನಾನು ಮಗುವನ್ನು ಎದೆಗವಚಿಕೊಂಡು, ಯಾರು ಕೇಳಿಸಿಕೊಂಡರೋ ಎಂದು ಬಾಗಿಲ ಕಡೆ ತಿರುಗಿ ನೋಡಿದೆ.