ಬೇರೆಯವರ ಬಾಟಲಿ

ಹಡಗಿನಲ್ಲಿ ಎಲ್ಲರೂ ಅವಳನ್ನು ಮೂಗಕ್ಕ ಅನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಹೆಸರು ಕೇಳಿ, ಪಾಪ, ಮಾತು ಬರುವುದಿಲ್ಲವೇನೋ ಅಂದುಕೊಂಡು ಅವಳೆದುರು ಕೈಸನ್ನೆ ಮಾಡಲು ಶುರು ಮಾಡುತ್ತಿದ್ದರು. "ನನ್ನ ಮೂಗು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಏನು ಬೇಕು, ಬಾಯಿಬಿಟ್ಟು ಹೇಳಿ," ಅಂತ ಅವಳು ಗದರಿದಾಗಲೇ ಅವರಿಗೆ ಅರ್ಥವಾಗುತ್ತಿದ್ದುದು.

ಅದು ಹಣವಂತರು ರಜೆ ಕಳೆಯಲು ಹತ್ತುವ ಹಡಗು. ಒಂದು ದೊಡ್ಡ ಹೋಟೆಲನ್ನೇ ನೀರಿನ ಮೇಲೆ ಬಿಟ್ಟ ಹಾಗೆ. ಅವರ ಊಟದ ಮೇಜಿಗೆ ಬರುವ ವೈನು, ಶಾಂಪೇನು ಎಲ್ಲವನ್ನೂ ಆರಿಸಿ ತರುವುದು ಮೂಗಕ್ಕನ ಕೆಲಸ. ನಾನು ಅದೇ ಹಡಗಿನಲ್ಲಿ ಬಟ್ಟೆ ಹೊಲಿಯುವವಳು. ಸಿಬ್ಬಂದಿಯ ಅಂಗಿಗೆ ಗುಂಡಿ ಹಾಕುವುದು, ಊಟ ಜಾಸ್ತಿಯಾಗಿ ಬಿಗಿಯಾದ ಗೌನುಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವುದು ನನ್ನ ಪಾಲು. ನಾವಿಬ್ಬರೂ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ. ಮೇಲಿನ ಮಂಚ ನನ್ನದು, ಕೆಳಗಿನದು ಅವಳದು.

ಒಮ್ಮೆ ಹಡಗು ಬಂದರಿನಲ್ಲಿ ನಿಂತಾಗ ಅವಳ ಜೊತೆ ನಾನೂ ವ್ಯಾಪಾರಿಯ ಉಗ್ರಾಣಕ್ಕೆ ಹೋಗಿದ್ದೆ. ಕಲ್ಲಿನ ಗೋಡೆ, ತಣ್ಣಗಿನ ನೆಲ, ಸಾಲಾಗಿ ಲೋಟಗಳು. ಅವಳು ಒಂದೊಂದನ್ನೂ ಎತ್ತಿ, ಮೂಗಿಗೆ ಹಿಡಿದು, ಬಾಯಲ್ಲಿ ಹೊರಳಾಡಿಸಿ, ಪಕ್ಕದ ಬಕೆಟ್ಟಿಗೆ ಉಗುಳಿಬಿಡುತ್ತಿದ್ದಳು. ನನಗೆ ಹೊಟ್ಟೆ ಉರಿದುಹೋಯಿತು.

"ಅಯ್ಯೋ ಅಕ್ಕಾ, ಅಷ್ಟು ಒಳ್ಳೇದನ್ನ ಉಗಿದುಬಿಟ್ಯಲ್ಲ!"

"ನುಂಗಿದ್ರೆ ಸ್ವಲ್ಪ ಹೊತ್ತಿಗೇ ಎಲ್ಲವೂ ಚೆನ್ನಾಗಿರುತ್ತೆ. ಆಮೇಲೆ ಆರಿಸೋದೇನು ಬಂತು?"

ದಡದಲ್ಲಿ ಚೆನ್ನಾಗಿರುವುದು ಸಮುದ್ರದಲ್ಲಿ ಹಾಗೇ ಇರುತ್ತದೆ ಅಂತ ನಂಬುವ ಹಾಗಿಲ್ಲ ಅನ್ನುತ್ತಿದ್ದಳು. ತಳದಲ್ಲಿ ಮಡ್ಡಿ ನಿಂತ ಹಳೆಯ ಕೆಂಪು ವೈನು ಇಂಜಿನ್ನಿನ ನಡುಕಕ್ಕೆ ಕಲಕಿಹೋಗುತ್ತದೆ, ಹಾಗಾಗಿ ಅಂಥದ್ದನ್ನು ಕಡಿಮೆ ಕೊಳ್ಳುತ್ತಿದ್ದಳು. ಹೊಸದಾಗಿ ಹತ್ತಿಸಿದ ಬಾಟಲಿಗಳನ್ನು ಕೂಡಲೇ ಮೇಜಿಗೆ ಕಳಿಸುತ್ತಿರಲಿಲ್ಲ. "ನಮ್ಮ ಹಾಗೇ ಅವಕ್ಕೂ ಪ್ರಯಾಣದ ಸುಸ್ತಿರುತ್ತೆ, ಮಲಗಲಿ," ಅಂತ ವೈನ್ ಕೋಣೆಯ ಮರದ ಗೂಡುಗಳಲ್ಲಿ ಅಡ್ಡ ಮಲಗಿಸಿ, ಅಲೆಗೆ ಉರುಳದಂತೆ ಪಟ್ಟಿ ಬಿಗಿಯುತ್ತಿದ್ದಳು. ಶಾಂಪೇನಿನ ಬಾಟಲಿಗಳನ್ನಂತೂ ಹಸುಗೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಒಳಗಿನ ಒತ್ತಡಕ್ಕೆ ಒಂದೊಂದು ಸಲ ಅವು ಪಟಾರನೆ ಒಡೆಯುವುದೂ ಉಂಟು. ಕೆಲವು ಪ್ರಯಾಣಿಕರು ಮನೆಯಿಂದಲೇ ತಮಗೆ ಪ್ರಿಯವಾದ ಬಾಟಲಿ ತರುತ್ತಿದ್ದರು. ಅವನ್ನೂ ಜೋಪಾನವಾಗಿಟ್ಟು, ಹೇಳಿದ ದಿನ ಅವರ ಮೇಜಿಗೆ ಕೊಂಡೊಯ್ದು ತೆರೆಯುವುದು ಅವಳದೇ ಹೊಣೆ.

ಇಷ್ಟೆಲ್ಲ ಮಾಡುತ್ತಿದ್ದವಳು ತನಗಾಗಿ ಒಂದು ಲೋಟವನ್ನೂ ಕುಡಿದವಳಲ್ಲ. ಒಂದು ಮಧ್ಯಾಹ್ನ ನಾನು ಇಸ್ತ್ರಿ ಮಾಡುತ್ತಿದ್ದಾಗ ಸುಮ್ಮನೆ ಕೇಳಿದೆ, "ಅಕ್ಕಾ, ಇಂಥ ಮೂಗು ನಿಂಗೆ ಎಲ್ಲಿಂದ ಬಂತು?"

"ಅಪ್ಪನಿಂದ."

"ಅವರಿಗೂ ಇದೇ ಕೆಲಸವಾ?"

"ಕೆಲಸ ಅಲ್ಲ, ಚಟ." ಅವಳೇ ಮುಂದುವರಿಸಿದಳು. "ಸಂಜೆ ಬಾಗಿಲು ತೆಗೆಯೋದು ನನ್ನ ಕೆಲಸ. ತೆಗೆದ ತಕ್ಷಣ ಮೂಗು ಹೇಳೋದು. ಒಂದು ವಾಸನೆ ಬಂದ್ರೆ ಇವತ್ತು ಹಾಡು. ಇನ್ನೊಂದು ಬಂದ್ರೆ ಅಳು. ಮತ್ತೊಂದಿತ್ತು, ಹುಳಿ ಹುಳಿ, ಅದು ಬಂತು ಅಂದ್ರೆ ತಮ್ಮನ್ನ ಸೊಂಟಕ್ಕೆ ಹಾಕ್ಕೊಂಡು ಪಕ್ಕದ ಮನೆಗೆ ಓಡಬೇಕು. ತಪ್ಪು ಮಾಡಿದ್ರೆ ಏಟು ಬೀಳ್ತಿತ್ತು ನೋಡು, ಬೇಗ ಕಲಿತೆ."

ಅಪ್ಪ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸದವನು. ಅವಳು ಶಾಲೆ ಮುಗಿಸುವ ಮೊದಲೇ ಲಿವರ್ ಕೆಟ್ಟು ಸತ್ತ. ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಇಬ್ಬರನ್ನೂ ಸಾಕಿದಳು. ಮೂಗಕ್ಕ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿ, ಅಲ್ಲಿನ ವೈನ್ ಮೇಲ್ವಿಚಾರಕನ ಕಣ್ಣಿಗೆ ಬಿದ್ದಳು; ಅವನೇ ಕಲಿಸಿ ಪರೀಕ್ಷೆ ಕಟ್ಟಿಸಿ ಹಡಗಿಗೆ ಕಳಿಸಿದ. ಮಗಳಿಗೆ ದೊಡ್ಡ ಕೆಲಸ ಸಿಕ್ಕಿತು ಅಂತ ಅಮ್ಮ ಸಂತೋಷಪಡಲಿಲ್ಲ.

"ನಿಮ್ಮಪ್ಪನ್ನ ತಿಂದಿದ್ದನ್ನೇ ಕಂಡೋರಿಗೆ ಬಡಿಸ್ತೀಯಾ?" ಅಂದಳಂತೆ.

"ನಾನು ಕುಡಿಯಲ್ಲಮ್ಮ. ರುಚಿ ನೋಡಿ ಉಗೀತೀನಿ."

"ಉಗಿಯೋಕೆ ಯಾರಾದ್ರೂ ಸಂಬಳ ಕೊಡ್ತಾರಾ? ಯಾರ ಕಿವಿಗೆ ಹೂವಿಡ್ತೀಯೆ?"

ಈ ಮಾತನ್ನು ಅವಳು ನಗುತ್ತಲೇ ಹೇಳಿದ್ದಳು. ಆದರೆ ರಜೆಗೆ ಮನೆಗೆ ಹೋಗುವಾಗಲೆಲ್ಲ ಅವಳ ಹೆಜ್ಜೆ ಭಾರವಾದಂತೆ ಕಾಣುತ್ತಿತ್ತು.

ಅಂಥ ಅಮ್ಮನೇ ಒಂದು ದಿನ ಫೋನು ಮಾಡಿದಳು. ತಮ್ಮ ಕೆಲಸ ಮಾಡುತ್ತಿದ್ದ ಪೀಠೋಪಕರಣದ ಕಾರ್ಖಾನೆ ಮುಚ್ಚಿತ್ತು. ಅವನು ಮನೆಯಲ್ಲೇ ಕೂತಿದ್ದಾನೆ, ಸಹವಾಸ ಸರಿಯಿಲ್ಲ, ನಿನ್ನ ಜೊತೆ ಹಡಗಿಗೆ ಕರೆದುಕೊಂಡು ಹೋಗು, ನಿನ್ನ ಕಣ್ಣಳತೆಯಲ್ಲಿದ್ದರೆ ನನಗೂ ನಿದ್ದೆ ಬರುತ್ತದೆ ಅಂದಳು. ಅಮ್ಮ ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು. ಮೂಗಕ್ಕ ಯಾರಾರನ್ನೋ ಹಿಡಿದು, ಅಡುಗೆಮನೆಯ ಉಗ್ರಾಣದಲ್ಲಿ ಸಾಮಾನು ಹೊರುವ ಕೆಲಸ ಕೊಡಿಸಿದಳು.

ತಮ್ಮ ಬಂದ. ಉದ್ದಕ್ಕೆ, ಸಣ್ಣಕ್ಕೆ, ಮೂವತ್ತು ದಾಟಿದ್ದರೂ ಮುಖದಲ್ಲಿ ಹುಡುಗಾಟ. ಎರಡೇ ವಾರದಲ್ಲಿ ಇಡೀ ಅಡುಗೆಮನೆ ಅವನನ್ನು ಹಚ್ಚಿಕೊಂಡಿತು. ಕ್ಯಾಪ್ಟನ್ ನಡೆಯುವ ಹಾಗೆ ನಡೆದು ತೋರಿಸುತ್ತಿದ್ದ, ನನ್ನ ಹೊಲಿಗೆ ಯಂತ್ರದ ಸದ್ದನ್ನು ಬಾಯಲ್ಲೇ ಮಾಡುತ್ತಿದ್ದ. ಅವನು ಬಂದಾಗ ಅಕ್ಕನ ಮುಖ ಅರಳುವುದನ್ನು ನೋಡಬೇಕಿತ್ತು. ಕೆಲವು ತಿಂಗಳಾದ ಮೇಲೆ ವೈನ್ ಕೋಣೆಯಲ್ಲಿ ಪೆಟ್ಟಿಗೆ ಎತ್ತುತ್ತಿದ್ದ ಆಳಿಗೆ ಸೊಂಟ ಹಿಡಿದುಕೊಂಡು, ಅವನು ಊರಿಗೆ ಹೋದ. ಆ ಜಾಗಕ್ಕೆ ಮ್ಯಾನೇಜರು ತಮ್ಮನನ್ನೇ ಹಾಕಿದ. ಒಡಹುಟ್ಟಿದವರು, ಹೊಂದಿಕೊಂಡು ಹೋಗುತ್ತಾರೆ ಅಂತ ಅವನ ಲೆಕ್ಕ. ಅಕ್ಕ ಒಂದು ಕ್ಷಣ ತಡವರಿಸಿದಳು. ಆದರೆ ಬೇಡ ಅನ್ನಲು ಕಾರಣ ಕೊಡಬೇಕಲ್ಲ. ಅವಳಲ್ಲಿ ಕಾರಣವಿರಲಿಲ್ಲ, ಹೆದರಿಕೆ ಮಾತ್ರ ಇತ್ತು.

ತಮ್ಮ ಕುಡಿಯುತ್ತಿದ್ದ. ಹಡಗು ಹತ್ತುವ ಮೊದಲಿನಿಂದಲೂ. ಮೇಜಿನಿಂದ ವಾಪಸು ಬಂದ ಬಾಟಲಿಗಳ ತಳದಲ್ಲಿ ಉಳಿದದ್ದು, ಲೋಟಗಳಲ್ಲಿ ಬಿಟ್ಟದ್ದು, ಎಲ್ಲವೂ ಅವನ ಗಂಟಲಿಗೆ ಹೋಗುತ್ತಿತ್ತು. ಅಕ್ಕಪಕ್ಕದವರಿಗೆ ಗುಮಾನಿ ಇತ್ತು. ನನಗೂ ಇತ್ತು, ಆದರೆ ಇಡೀ ಹಡಗಿನಲ್ಲೇ ಸೂಕ್ಷ್ಮವಾದ ಮೂಗಿಗೆ ಹತ್ತದ್ದು ನನಗೆ ಹತ್ತಿತು ಅಂದರೆ ಯಾರು ನಂಬುತ್ತಾರೆ? ಆಮೇಲೆ ಅವಳೇ ಹೇಳಿದಳು: "ಆ ಕೋಣೆ ತುಂಬ ಅದೇ ವಾಸನೆ. ನನ್ನ ಕೈಯಲ್ಲಿ, ನನ್ನ ಬಟ್ಟೇಲಿ ಅದೇ. ಅವನ ಬಾಯಿಂದ ಬಂದಿದ್ದನ್ನ ಗೋಡೆಯಿಂದ ಬಂತು ಅಂದುಕೊಂಡೆ. ಹಾಗಂದುಕೊಳ್ಳೋದು ನನಗೂ ಬೇಕಿತ್ತು."

ಆ ಸಲದ ಪ್ರಯಾಣದಲ್ಲಿ ಒಬ್ಬ ಮುದಿ ಡಾಕ್ಟರೂ ಅವರ ಹೆಂಡತಿಯೂ ಹತ್ತಿದ್ದರು. ಡಾಕ್ಟರಿಗೆ ಕಾಯಿಲೆ, ಮುಖದ ಬಣ್ಣ ನೋಡಿದರೆ ಇದೇ ಕೊನೆಯ ಪ್ರಯಾಣ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಆ ಅಜ್ಜಿ ಉಣ್ಣೆಯ ಶಾಲಿನಲ್ಲಿ ಸುತ್ತಿದ ಒಂದು ಶಾಂಪೇನ್ ಬಾಟಲಿಯನ್ನು ಮೂಗಕ್ಕನ ಕೈಗೆ ಕೊಟ್ಟರು. ಮದುವೆಯ ದಿನ ಅವರ ಅಪ್ಪ ಕೊಟ್ಟದ್ದಂತೆ. ನೀವಿಬ್ಬರೂ ಚೆನ್ನಾಗಿ ಮುದುಕರಾದ ಮೇಲೆ ಕುಡಿಯಿರಿ ಅಂದಿದ್ದರಂತೆ. ಮದುವೆಯ ವಾರ್ಷಿಕೋತ್ಸವದ ದಿನ ಮಧ್ಯಾಹ್ನದ ಊಟಕ್ಕೆ ಅದನ್ನು ತೆರೆಯಬೇಕು ಅಂತ ಮಾತಾಯಿತು.

ಆ ದಿನದ ಹಿಂದಿನೆರಡು ದಿನ ಸಮುದ್ರ ಹುಚ್ಚೆದ್ದಿತ್ತು. ತಟ್ಟೆಗಳು ಒಡೆದವು, ನಾನಂತೂ ಸೂಜಿಗೆ ದಾರ ಪೋಣಿಸಲಾಗದೆ ಕೈಕಟ್ಟಿ ಕೂತಿದ್ದೆ. ವಾರ್ಷಿಕೋತ್ಸವದ ಬೆಳಿಗ್ಗೆ ಅಲೆ ಇಳಿಯಿತು. ಬಾಟಲಿಯನ್ನು ಮಂಜುಗಡ್ಡೆಗೆ ಹಾಕಬೇಕು ಅಂತ ಅಕ್ಕ ವೈನ್ ಕೋಣೆಗೆ ಹೋದಳು. ಗೂಡಿನಲ್ಲಿ ಶಾಲು ಇತ್ತು, ಅಂದವಾಗಿ ಮಡಿಸಿಟ್ಟಿತ್ತು. ಬಾಟಲಿ ಇರಲಿಲ್ಲ. ಹಿಂದೆ, ಖಾಲಿ ಪೆಟ್ಟಿಗೆಗಳ ಸಂದಿಯಲ್ಲಿ, ತಮ್ಮ ಗೋಡೆಗೆ ಒರಗಿ ಕೂತಿದ್ದ.

ಹಡಗಿನ ಬಾಟಲಿಗಳನ್ನು ವಾರವಾರ ಎಣಿಸುತ್ತಾರೆ. ಬೇರೆಯವರು ತಂದದ್ದು ಆ ಎಣಿಕೆಗೆ ಬರುವುದಿಲ್ಲ, ಅದು ಅವನಿಗೂ ಗೊತ್ತಿತ್ತು.

"ಹಳೇದು ಅಕ್ಕ," ಅಂದನಂತೆ. "ಗುಳ್ಳೆನೂ ಇರ್ಲಿಲ್ಲ."

ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಶಾಲು ಎತ್ತಿಕೊಂಡು ಸೀದಾ ನನ್ನ ಹೊಲಿಗೆ ಕೋಣೆಗೆ ಬಂದು, ಬಾಗಿಲು ಹಾಕಿ, ಬಟ್ಟೆಯ ರಾಶಿಯ ಮೇಲೆ ಕುಸಿದಳು. ನಡೆದದ್ದನ್ನು ಹೇಳಿದಳು. ಆಮೇಲೆ ಎದ್ದು ಮುಖ ತೊಳೆದು, ಕರಿಯ ಕೋಟು ಸರಿಮಾಡಿಕೊಂಡು, ಶಾಲು ಹಿಡಿದು ಮೇಲೆ ಹೋದಳು.

ಊಟದ ಕೋಣೆಯ ಬಾಗಿಲಲ್ಲಿ ನಿಂತು ನಾನೇ ನೋಡಿದೆ. ಅಲೆಗೆ ಉರುಳಿ ಬಾಟಲಿ ಒಡೆದುಹೋಯಿತು ಅಂತ ಆ ಅಜ್ಜಿಗೆ ಹೇಳಿದಳು. ಅಜ್ಜಿ ಒಂದು ಗಳಿಗೆ ಶಾಲನ್ನೇ ನೋಡಿದರು. ಆಮೇಲೆ ಅವಳ ಎರಡೂ ಕೈ ಹಿಡಿದು ಹೊರಳಿಸಿ ನೋಡುತ್ತ, "ನಿಂಗೆಲ್ಲೂ ಗಾಜು ತಾಗಲಿಲ್ಲ ತಾನೇ ಮಗಾ?" ಅಂದರು. ಅಕ್ಕನ ಮುಖ ಆಗ ಹೇಗಾಯಿತು ಅಂತ ನನಗೆ ಹೇಳಲು ಬರುವುದಿಲ್ಲ. ಹಡಗಿನಲ್ಲಿದ್ದ ಅತ್ಯುತ್ತಮ ಶಾಂಪೇನನ್ನು ಅವಳೇ ಆರಿಸಿ ತಂದು, ಸದ್ದಾಗದಂತೆ ಬಿರಡೆ ತಿರುಗಿಸಿ ತೆಗೆದು, ಇಬ್ಬರಿಗೂ ಬಗ್ಗಿಸಿದಳು. ಡಾಕ್ಟರು ಎರಡು ಗುಟುಕು ಕುಡಿದು, "ನಿಮ್ಮಪ್ಪನದ್ದು ಇಷ್ಟು ಚೆನ್ನಾಗಿರ್ತಿರಲಿಲ್ಲ ಬಿಡು," ಅಂತ ಹೆಂಡತಿಯನ್ನು ನಗಿಸಿದರು.

ಅಲ್ಲಿಗೇ ಮುಗಿಸಬಹುದಿತ್ತು. ಮ್ಯಾನೇಜರೂ ನಂಬಿದ್ದ. "ಒಡೆದು ಹೋಯ್ತಂತೆ. ಏನು ಮಾಡೋಕಾಗುತ್ತೆ, ಬಿಡು," ಅಂದ. "ಒಡೆದಿಲ್ಲ ಸರ್," ಅಂದಳು ಅಕ್ಕ, "ನನ್ನ ತಮ್ಮ ಕುಡಿದ. ಅವನನ್ನ ಆ ಕೋಣೆಯಿಂದ ತೆಗೀರಿ. ಬೇರೆ ಎಲ್ಲಾದ್ರೂ ಹಾಕಿ." ಅವನನ್ನು ಆ ಕೋಣೆಯಿಂದ ತೆಗೆಸುವುದಷ್ಟೇ ಅವಳ ಕೈಯಲ್ಲಿತ್ತು. ಪ್ರಯಾಣಿಕರ ವಸ್ತು ಮುಟ್ಟಿದವನನ್ನು, ಕೆಲಸದ ಹೊತ್ತಿನಲ್ಲಿ ಕುಡಿದವನನ್ನು ಮುಂದಿನ ಬಂದರಿನಲ್ಲಿ ಇಳಿಸಿಬಿಡುವುದು ಹಡಗಿನ ಕಟ್ಟಳೆ. ಅವಳಿಗದು ಗೊತ್ತಿರಲಿಲ್ಲ ಅಂತಲ್ಲ. ತಾನು ಕೇಳಿಕೊಂಡರೆ ಬಿಟ್ಟಾರು ಅಂದುಕೊಂಡಿದ್ದಳು.

"ಯಾಕೆ ಹೇಳೋಕೆ ಹೋದೆ ಅಕ್ಕಾ?" ಅಂತ ನಾನು ಕೇಳಿದೆ.

"ಅಪ್ಪನ ವಿಷಯದಲ್ಲಿ ಅಮ್ಮ ಊರಿಗೆಲ್ಲ ಸುಳ್ಳು ಹೇಳಿದ್ಲು. ಜ್ವರ ಅಂದ್ಲು, ಬೆನ್ನುನೋವು ಅಂದ್ಲು, ಕಾಲು ಜಾರಿತು ಅಂದ್ಲು. ಆ ಸುಳ್ಳನ್ನ ಹೊದ್ದುಕೊಂಡು ಅವನು ಆರಾಮಾಗಿ ಸತ್ತ."

ತಮ್ಮ ಇಳಿದ ದಿನ ಬಿಸಿಲು ಚುರುಕಾಗಿತ್ತು. ಒಂದು ಚೀಲ ಹೆಗಲಿಗೆ ಹಾಕಿಕೊಂಡು ದಡಕ್ಕೆ ಹಾಕಿದ ಏಣಿಸೇತುವೆಯ ಮೇಲೆ ನಿಂತ. ಅಡುಗೆಮನೆಯ ಒಬ್ಬಿಬ್ಬರು ಬೀಳ್ಕೊಡಲು ಬಂದಿದ್ದರು. ಅವತ್ತು ಯಾರ ನಡಿಗೆಯನ್ನೂ ಅವನು ಅಣಕಿಸಲಿಲ್ಲ.

"ಅಕ್ಕ, ಆ ಅಜ್ಜಿಗೋಸ್ಕರ ನೀನು ಒಂದು ಸುಳ್ಳು ಹೇಳಿದೆ," ಅಂದ. "ನನಗೋಸ್ಕರ ಅದನ್ನೇ ಇನ್ನೊಂದು ಸಲ ಹೇಳೋಕಾಗ್ಲಿಲ್ವಾ?"

ಅಷ್ಟು ಹೇಳಿ ಅವನು ಇಳಿದು ಹೋದ.

ಮನೆ ಸೇರಿದ ಅವನಿಗೆ ಅಮ್ಮ ಬಿಸಿನೀರು ಕಾಯಿಸಿಕೊಟ್ಟು, ಮಗಳಿಗೆ ಫೋನು ಮಾಡಿ ಇಷ್ಟೇ ಅಂದಳು: "ಅವನಿಗೆ ಬಾಟಲಿ ತೋರಿಸಿದ್ದೂ ನೀನೇ, ಹೊರಗೆ ಹಾಕಿಸಿದ್ದೂ ನೀನೇ." ಆಮೇಲೆ ಮಗಳ ಫೋನು ಎತ್ತುವುದನ್ನೇ ಬಿಟ್ಟಳು. ಅವನು ಒಂದು ಬೇಕರಿಯಲ್ಲಿ ಸ್ವಲ್ಪ ದಿನ, ಲಾರಿ ನಿಲ್ದಾಣದಲ್ಲಿ ಸ್ವಲ್ಪ ದಿನ ದುಡಿದ. ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ತಣ್ಣಗಾಗಿ ಬಿದ್ದಿದ್ದವನನ್ನು ಕಸ ಗುಡಿಸುವವರು ನೋಡಿದರು.

ಸುದ್ದಿ ಬಂದಾಗ ನಾವು ನಡುಗಡಲಿನಲ್ಲಿದ್ದೆವು. ಮೇಲಿನ ಅಂತಸ್ತಿನಲ್ಲಿ ಯಾರದೋ ಮದುವೆಯ ಔತಣ, ಮೂಗಕ್ಕ ಆರಿಸಿದ ಶಾಂಪೇನು ಹರಿಯುತ್ತಿತ್ತು. ಪಕ್ಕದ ಮನೆಯವರು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, "ಸರಿ, ಸರಿ," ಅಂತ ಎರಡು ಸಲ ಅಂದಳು. ನಾನು ತಬ್ಬಿಕೊಂಡರೆ ಮರದ ಹಲಗೆಯ ಹಾಗೆ ನಿಂತಿದ್ದಳು. ಆಮೇಲೆ, "ಮೇಲೆ ಇನ್ನೂ ಆರು ಮೇಜಿಗೆ ಬಗ್ಗಿಸಬೇಕು," ಅಂತ ಬಿಡಿಸಿಕೊಂಡು ಹೋದಳು. ಬಗ್ಗಿಸಿದಳು ಕೂಡ. ಒಂದು ಹನಿ ಹೊರಗೆ ಚೆಲ್ಲಲಿಲ್ಲ ಅಂತ ಬಡಿಸುವವರು ಆಮೇಲೆ ಹೇಳಿದರು. ನಾವು ದಡ ಸೇರುವಷ್ಟರಲ್ಲಿ ಊರಲ್ಲಿ ಅಂತ್ಯಕ್ರಿಯೆಯೂ ಮುಗಿದಿತ್ತು.

ಆ ಕರಾರು ಮುಗಿದ ಮೇಲೆ ಅವಳು ಹಡಗು ಹತ್ತಲಿಲ್ಲ. ಅಮ್ಮನ ಮನೆಗೆ ಹೋದಳು. ಅಮ್ಮ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಂದು ಟೀ ಕಂಪನಿಯ ಗೋದಾಮಿನಲ್ಲಿ ಎಲೆಯ ವಾಸನೆ ನೋಡಿ ಬೇರ್ಪಡಿಸುವ ಕೆಲಸ ಸಿಕ್ಕಿತು. ಎರಡು ಕೋಣೆಯ ಮನೆ, ಇಬ್ಬರು ಹೆಂಗಸರು, ಅಗತ್ಯಕ್ಕೆ ತಕ್ಕಷ್ಟು ಮಾತು. ಉಪ್ಪು ಕೊಡು, ಗ್ಯಾಸು ಮುಗೀತು, ಬಾಗಿಲು ಹಾಕು.

ಕೆಲವು ವರ್ಷಗಳ ಮೇಲೆ ನಾನು ರಜೆಯಲ್ಲಿ ಅವಳನ್ನು ನೋಡಲು ಹೋದೆ. ಮೂಗಕ್ಕನ ಕೂದಲು ಬೆಳ್ಳಗಾಗಿತ್ತು, ಬಾಯಿ ಮೊದಲಿನಷ್ಟು ಜೋರಿರಲಿಲ್ಲ. ಅಮ್ಮ ಕುಗ್ಗಿ ಅಂಗೈಯಗಲ ಆಗಿದ್ದಳು. ಮೂವರೂ ಊಟಕ್ಕೆ ಕೂತೆವು. ನಾನು ಹಡಗಿನ ಸುದ್ದಿ ಹೇಳುತ್ತ, ಬಾಯಿತಪ್ಪಿ, ಅವನು ನನ್ನ ಹೊಲಿಗೆ ಯಂತ್ರದ ಸದ್ದು ಮಾಡುತ್ತಿದ್ದುದನ್ನು ಹೇಳಿಬಿಟ್ಟೆ. ಹೇಳಿ ನಾಲಿಗೆ ಕಚ್ಚಿಕೊಂಡೆ. ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. ತಲೆ ಎತ್ತದೆ ಅಂದಳು:

"ಅವನನ್ನ ಕರ್ಕೊಂಡು ಹೋಗು ಅಂದಿದ್ದು ನಾನೇ ಅಲ್ವಾ. ಇವಳು ಒಂದು ದಿನವಾದ್ರೂ ಅದನ್ನ ನನ್ನ ಮುಖಕ್ಕೆ ಎಸೀಲಿಲ್ಲ."

ಮೂಗಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಗಿಟ್ಟಳು. "ಹೌದಮ್ಮ, ನೀನೇ ಅಂದಿದ್ದು," ಅಂದಳು. "ಕರ್ಕೊಂಡು ಹೋದೋಳು ನಾನು. ಕುಡಿದೋನು ಅವನು. ಊಟ ಮಾಡು, ಆರಿ ಹೋಗುತ್ತೆ."

ಯಾರೂ ಅಳಲಿಲ್ಲ. ಅಮ್ಮ ಮತ್ತೆ ತಟ್ಟೆಗೆ ಕೈ ಹಾಕಿದಳು, ಆಮೇಲೆ ಇನ್ನೊಂದು ಸಲ ಬಡಿಸು ಅಂತ ತಟ್ಟೆಯನ್ನು ಮಗಳ ಕಡೆ ಸರಿಸಿದಳು. 

ಸಂಜೆ ಬಸ್ಸಿಗೆ ಬಿಡಲು ಅವಳು ಬೀದಿಯ ತುದಿಯವರೆಗೂ ಬಂದಳು. ಮೋಡ ಮುಸುಕಿತ್ತು, ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಂಡಿದ್ದವು.  ಬಸ್ಸು ಬರುವುದು ಕಂಡಾಗ ನನ್ನ ಚೀಲ ನನ್ನ ಕೈಗೆ ಕೊಡುತ್ತ, "ಅಮ್ಮ ಇವತ್ತು ಎರಡನೇ ಸಲ ಬಡಿಸಿಕೊಂಡ್ಲು, ನೋಡಿದ್ಯಾ?" ಅಂದಳು.

ನೋಡಿದ್ದೆ ಅಂದೆ. ಬಸ್ಸು ಹತ್ತಿ ಕಿಟಕಿಯಿಂದ ತಿರುಗಿ ನೋಡುವಷ್ಟರಲ್ಲಿ ಅವಳು ಮನೆಯ ಕಡೆ ಹೊರಟಿದ್ದಳು.