ಅಕ್ಕ ಹೇಳಿದ ಮೇಲೆ

ಆಸ್ಪತ್ರೆಯ ಲಾಂಡ್ರಿಗೆ ಮೇಲ್ವಿಚಾರಕಿಯಾಗಿ ಬಂದಾಗ ಅವಳಿಗೆ ಮೂವತ್ತು ವರ್ಷ. ಗಂಟಲು ಮಾತ್ರ ಹತ್ತು ಜನರದ್ದು. ನೆಲಮಾಳಿಗೆಯಲ್ಲಿ ಆರು ಒಗೆಯುವ ಯಂತ್ರ, ಮೂರು ಒಣಗಿಸುವ ಯಂತ್ರ, ಸದಾ ಬುಸುಗುಡುವ ಉದ್ದನೆಯ ಇಸ್ತ್ರಿ ಯಂತ್ರ, ಇವೆಲ್ಲದರ ನಡುವೆ ಹತ್ತೊಂಬತ್ತು ಹೆಂಗಸರು. ಕೂಗದಿದ್ದರೆ ಇವರಿಗೆ ಕೇಳಿಸುವುದಿಲ್ಲ ಎಂದುಕೊಂಡು ಕೂಗಿದಳು. ಯಾರೂ ಎದುರಾಡಲಿಲ್ಲ, ಯಾರೂ ಹೇಳಿದ್ದನ್ನು ಮಾಡಲೂ ಇಲ್ಲ. ಎರಡನೇ ವಾರ ಹನ್ನೆರಡು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದಳು. ಮಾರನೆಯ ದಿನ ಆ ಕಾಗದ ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಗಳ ಜೊತೆ ಸೊಗಸಾಗಿ ಒಗೆಸಿಕೊಂಡು, ಮುದ್ದೆಯಾಗಿ ಹೊರಗೆ ಬಂತು. ಯಾರು ಹಾಕಿದ್ದು ಎಂದು ಕೇಳಿದರೆ ಹತ್ತೊಂಬತ್ತು ಮುಖಗಳೂ ಏನೂ ಅರಿಯದ ಹಸುಗೂಸುಗಳ ಹಾಗೆ ಅವಳನ್ನೇ ನೋಡಿದವು.

ಆ ಸಂಜೆ ಬಟ್ಟೆ ಮಡಚುವ ಮೇಜಿನ ಹತ್ತಿರ ನಿಂತು ಅತ್ತಳು. ಅದನ್ನು ನೋಡಿದ್ದು ದೊಡ್ಡಮ್ಮ ಒಬ್ಬಳೇ. ದೊಡ್ಡಮ್ಮ ಅಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮನಲ್ಲ. ಎಲ್ಲರಿಗಿಂತ ಮೊದಲು ಕೆಲಸಕ್ಕೆ ಸೇರಿದ್ದಳು, ಎಲ್ಲರ ಮನೆಯ ಕಥೆಯೂ ಅವಳಿಗೆ ಗೊತ್ತಿತ್ತು, ಹಾಗಾಗಿ ಆ ಹೆಸರು.

"ಕೂಗಿ ಕೂಗಿ ಯಾಕೆ ಗಂಟಲು ಹರ್ಕೋತೀಯ ಹುಡುಗಿ? ಬಾ, ಈ ಬೆಡ್‌ಶೀಟಿನ ಆ ತುದಿ ಹಿಡ್ಕೋ," ಎಂದಳು.

ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು, ಒದರಬೇಕು, ಉದ್ದಕ್ಕೆ ಮಡಚಿ ನಾಲ್ಕು ಹೆಜ್ಜೆ ಮುಂದೆ ಬರಬೇಕು. ಪ್ರತಿ ಮಡಿಕೆಗೂ ಇಬ್ಬರೂ ಹತ್ತಿರವಾಗುತ್ತಾರೆ. ಕೊನೆಯಲ್ಲಿ ಕೈಗೆ ಕೈ ತಾಗುತ್ತದೆ. ಅಷ್ಟು ಹತ್ತಿರ ಬಂದವರ ಮುಖದ ಮೇಲೆ ಕೂಗಲು ಎಂಥ ಗಟ್ಟಿಗಿತ್ತಿಗೂ ಆಗುವುದಿಲ್ಲ.

ಅಂದಿನಿಂದ ಅವಳ ಆಫೀಸು ಆ ಮೇಜೇ ಆಯಿತು. ಯಾರನ್ನೂ ಕೋಣೆಗೆ ಕರೆಸುತ್ತಿರಲಿಲ್ಲ. ಮಾತಾಡಬೇಕಾದವಳ ಎದುರಿಗೆ ಹೋಗಿ ಇನ್ನೊಂದು ತುದಿ ಹಿಡಿಯುವಳು, ಅಷ್ಟೇ. ಮೊದಲು ಕೇಳುವಳು, ಆಮೇಲೆ ಹೇಳುವಳು. ದಿನಾ ತಡವಾಗಿ ಬರುತ್ತಿದ್ದವಳ ಅತ್ತೆ ಹಾಸಿಗೆ ಹಿಡಿದಿದ್ದಾಳೆ ಎಂದು ಗೊತ್ತಾಗಿದ್ದು ಹಾಗೆ. ಅವಳ ಪಾಳಿ ಬದಲಾಯಿತು, ಆಮೇಲೆ ತಡವೆಂಬ ಮಾತಿಲ್ಲ. ಒಂದು ಊಟದ ಡಬ್ಬಿಯ ವಿಷಯಕ್ಕೆ ಮೂರು ವರ್ಷ ಮಾತು ಬಿಟ್ಟಿದ್ದ ಇಬ್ಬರನ್ನು ಒಂದೇ ಬೆಡ್‌ಶೀಟಿನ ಎರಡು ತುದಿಗೆ ನಿಲ್ಲಿಸಿ, ತಾನು ಫೋನಿನ ನೆಪ ಹೇಳಿ ಮೆಲ್ಲಗೆ ಜಾರಿಕೊಂಡಳು. ಸೋಂಕಿನ ವಾರ್ಡಿನ ಬಟ್ಟೆ ಬೇರ್ಪಡಿಸಲು ಎಲ್ಲರೂ ಮೂಗು ಮುರಿದಾಗ ಯಾರಿಗೂ ಏನೂ ಹೇಳದೆ ತಾನೇ ಕೈಗವಸು ಹಾಕಿಕೊಂಡು ಒಂದು ವಾರ ನಿಂತಳು. ಎರಡನೇ ವಾರ ಇಬ್ಬರು ಪಕ್ಕಕ್ಕೆ ಬಂದು ನಿಂತರು, ಮೂರನೇ ವಾರ ಅವಳಿಗೇ ಅಲ್ಲಿ ಜಾಗವಿರಲಿಲ್ಲ.

ಹೀಗೆ ಅವಳು ಎಲ್ಲರಿಗೂ ಅಕ್ಕ ಆದಳು. ಅವಳಿಗಿಂತ ಹಿರಿಯರಿಗೂ ಅಕ್ಕನೇ, ದೊಡ್ಡಮ್ಮನೊಬ್ಬಳನ್ನು ಬಿಟ್ಟು. ಹದಿನಾಲ್ಕು ವರ್ಷ ಆ ನೆಲಮಾಳಿಗೆಯಲ್ಲಿ ಅಕ್ಕ ಹೇಳಿದ ಮೇಲೆ ಎರಡು ಮಾತಿರಲಿಲ್ಲ.

ಇದು ಮೇಲಿನವರ ಕಣ್ಣಿಗೆ ಬೀಳಬಾರದಿತ್ತು. ಬಿತ್ತು. ಹೊಸ ಆಡಳಿತಾಧಿಕಾರಿ ಅವಳನ್ನು ಎರಡು ದಿನದ ತರಬೇತಿಗೆ ಕಳಿಸಿದರು. ನಾಯಕರು ಸಹೋದ್ಯೋಗಿಗಳ ಮೇಲೆ ಪ್ರಭಾವ ಬೀರುವುದು ಹೇಗೆ ಎಂಬುದು ಅದರ ವಿಷಯ. ಟೈ ಕಟ್ಟಿದ ತರಬೇತುದಾರ ಬೋರ್ಡಿನ ಮೇಲೆ ತ್ರಿಕೋನ ಬರೆದ, ಅದರೊಳಗೆ ಇನ್ನೊಂದು ತ್ರಿಕೋನ ಬರೆದ, ಎಲ್ಲರೂ ಬಿಸ್ಕತ್ತು ತಿಂದರು. ವಾಪಸು ಬಂದ ಅಕ್ಕನನ್ನು ಹೆಂಗಸರು ಮುತ್ತಿಕೊಂಡರು.

"ಏನಕ್ಕ ಕಲಿಸಿದ್ರು?"

"ನಿಮ್ಮನ್ನ ಹೆಂಗೆ ದಾರಿಗೆ ತರೋದು ಅಂತ."

"ಹಂಗಿದ್ರೆ ಅವರನ್ನೇ ಇಲ್ಲಿಗೆ ಕಳಿಸಿ, ನಾವು ಒಗೆದು ಕಳಿಸ್ತೀವಿ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು. ಆದರೆ ತರಬೇತಿಯ ಪ್ರಮಾಣಪತ್ರವನ್ನು ಮಾತ್ರ ಮನೆಗೆ ಒಯ್ದು ಜೋಪಾನವಾಗಿ ಎತ್ತಿಟ್ಟಳು. ಅದನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಅಧಿಕಾರಿ ತಮ್ಮ ಕೋಣೆಗೆ ಕರೆಸಿದರು. "ಕೂತ್ಕೊಳ್ಳಿ ಮೇಡಂ," ಎಂದರು. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯ ಕುರ್ಚಿಯಲ್ಲಿ ಅವಳು ಕೂತಿದ್ದು ಅದೇ ಮೊದಲು. ಲಾಂಡ್ರಿಯನ್ನು ಗುತ್ತಿಗೆದಾರರಿಗೆ ಒಪ್ಪಿಸುತ್ತಿದ್ದೇವೆ, ಅದೇ ಕೆಲಸ, ಅದೇ ಸಂಬಳ, ಎಲ್ಲರೂ ಸ್ವಂತ ಇಚ್ಛೆಯಿಂದ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದರೆ ಸಾಕು ಎಂದರು. "ನಾವು ಹೇಳಿದ್ರೆ ಅನುಮಾನ ಪಡ್ತಾರೆ. ನೀವು ಹೇಳಿದ್ರೆ ಮುಗೀತು."

ಅವಳು ಪತ್ರವನ್ನು ಓದಿದಳು. ಕೆಳಗಿನಿಂದ ಎರಡನೇ ಸಾಲಿನಲ್ಲಿ, ಸೇವೆಯ ಅವಧಿಯನ್ನು ಗುತ್ತಿಗೆದಾರರು ನಿರ್ಧರಿಸುವರು ಎಂದಿತ್ತು. "ಸರ್, ಇದು?" ಎಂದು ಬೆರಳಿಟ್ಟಳು.

"ಅಯ್ಯೋ, ಅದು ಎಲ್ಲಾ ಪತ್ರದಲ್ಲೂ ಇರುತ್ತೆ. ಅದನ್ನೆಲ್ಲ ಹೇಳಿ ಪಾಪ ಅವರ ತಲೆ ಕೆಡಿಸ್ಬೇಡಿ."

ಎದ್ದು ಹೋಗಬಹುದಿತ್ತು. ಬರೆದು ಕೊಡಿ ಎನ್ನಬಹುದಿತ್ತು. ಎದುರಿಗೆ ಚಹಾ ಇತ್ತು, ಮೇಡಂ ಎಂಬ ಮಾತಿತ್ತು, ಕೆಳಗೆ ಮೆತ್ತನೆಯ ಕುರ್ಚಿಯಿತ್ತು. ಜಾಣೆಯರೂ ಜಾರುವುದು ಇಂಥ ಕಡೆಯೇ. ಅವಳು ಹೂಂ ಎಂದಳು.

ಎಂಟು ದಿನದಲ್ಲಿ ಹದಿನೆಂಟು ಸಹಿ ಬಂದವು. ತನಗೆ ಗೊತ್ತಿದ್ದ ದಾರಿಯಲ್ಲೇ ತಂದಳು. ಒಬ್ಬೊಬ್ಬರ ಎದುರು ತುದಿ ಹಿಡಿದು ನಿಂತಳು, ಅವರ ಭಯವನ್ನು ಪೂರ್ತಿ ಕೇಳಿದಳು, ಆಮೇಲೆ ಮೆತ್ತಗೆ ಹೇಳಿದಳು. ಬೆಡ್‌ಶೀಟು ಮಡಚಿ ಮುಗಿಯುವಷ್ಟರಲ್ಲಿ ಅವರ ಸಹಿಯೂ, ಅದರ ಕೆಳಗೆ ಸಾಕ್ಷಿ ಎಂದು ಇವಳ ಸಹಿಯೂ ಮುಗಿದಿರುತ್ತಿತ್ತು. ಆ ಸಾಲಿನ ವಿಷಯ ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ. ಅವರಲ್ಲಿ ಒಬ್ಬರೂ ಪತ್ರವನ್ನು ಓದಲಿಲ್ಲ. ಅಕ್ಕ ತಂದಿದ್ದಾಳೆ, ಓದುವುದೇನು?

ದೊಡ್ಡಮ್ಮ ಓದಿದಳು. ಕನ್ನಡಕವನ್ನು ಸೆರಗಿಗೆ ಒರೆಸಿ ಹಾಕಿಕೊಂಡು ಒಂದು ಸಲ ಓದಿದಳು, ಮತ್ತೊಂದು ಸಲ ಓದಿದಳು. ತನ್ನ ಗಂಡ ತೀರಿಕೊಂಡ ಮೇಲೆ, ಗಂಡನ ಮನೆ ಬಿಟ್ಟು ಬಂದ ಮಗಳನ್ನೂ ಸ್ಕೂಲಿಗೆ ಹೋಗುವ ಮೊಮ್ಮಗಳನ್ನೂ ತನ್ನೊಬ್ಬಳದೇ ದುಡಿಮೆಯಲ್ಲಿ ಸಾಕುತ್ತಿದ್ದವಳು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

"ಇದನ್ನ ಅವರು ಹೇಳ್ತಿದ್ದಾರೋ, ನೀನು ಹೇಳ್ತಿದ್ದೀಯೋ?" ಎಂದು ಕೇಳಿದಳು.

ಅಕ್ಕ ಪೆನ್ನನ್ನು ಅವಳ ಕಡೆ ಸರಿಸಿದಳು. "ನಾನೇ ಹೇಳ್ತಿದ್ದೀನಿ ದೊಡ್ಡಮ್ಮ. ಏನೂ ಆಗಲ್ಲ."

ದೊಡ್ಡಮ್ಮ ಸಹಿ ಹಾಕಿದಳು.

ಮೂರು ತಿಂಗಳ ನಂತರ ಗುತ್ತಿಗೆದಾರರ ಪಟ್ಟಿ ಲಾಂಡ್ರಿಯ ಬಾಗಿಲಿಗೆ ಬಿತ್ತು. ಐವತ್ತು ದಾಟಿದವರು ನಾಳೆಯಿಂದ ಬರುವುದು ಬೇಡ. ಏಳು ಜನ. ಮೊದಲನೆಯ ಹೆಸರೇ ದೊಡ್ಡಮ್ಮನದು. ಅಕ್ಕ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಅಧಿಕಾರಿಯ ಕೋಣೆಗೆ ಓಡಿದಳು. ಈ ಸಲ ಅವರು ಕೂರಿ ಎನ್ನಲಿಲ್ಲ. ಫೈಲಿನಿಂದ ಹತ್ತೊಂಬತ್ತು ಪತ್ರಗಳನ್ನು ತೆಗೆದು ಆ ಸಾಲು ತೋರಿಸಿದರು. "ಎಲ್ಲರೂ ಒಪ್ಪಿಯೇ ಸಹಿ ಹಾಕಿದ್ದಾರಲ್ಲ. ಸಾಕ್ಷಿ ಅಂತ ನಿಮ್ಮ ಸಹಿನೇ ಇದೆ." ಅವಳು ಅತ್ತಳು, ಕೈ ಮುಗಿದಳು, ತನ್ನನ್ನೂ ತೆಗೆದುಬಿಡಿ ಎಂದಳು. ಅವರು ಗಡಿಯಾರ ನೋಡಿದರು. ಇಂಥವರಿಗೆ ಗಡಿಯಾರ ನೋಡುವುದು ಮಾತ್ರ ಯಾರೂ ಕಲಿಸದೆಯೇ ಬಂದಿರುತ್ತದೆ.

ಕೆಳಗೆ ಇಳಿದು ಬಂದಾಗ ಯಾರೂ ಬೈಯಲಿಲ್ಲ. ಒಬ್ಬಳಾದರೂ ಬೈದಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದಳೇನೋ. ಏಳು ಜನ ತಮ್ಮ ಚಪ್ಪಲಿ, ಡಬ್ಬಿ, ಕೊಡೆಗಳನ್ನು ಚೀಲಕ್ಕೆ ತುಂಬಿಕೊಂಡು, "ಬರ್ತೀವಿ ಅಕ್ಕ" ಎಂದು ಅವಳಿಗೇ ಹೇಳಿ ಹೊರಟರು. ಉಳಿದವರು ಯಂತ್ರದ ಕಡೆ ಮುಖ ಮಾಡಿಕೊಂಡು ಕೆಲಸ ಮಾಡುತ್ತಿದ್ದರು.

ಹತ್ತು ದಿನ ಅವಳಿಗೆ ದೊಡ್ಡಮ್ಮನ ಮನೆಯ ಕಡೆ ಕಾಲೇ ಏಳಲಿಲ್ಲ. ಹನ್ನೊಂದನೇ ದಿನ, ಭಾನುವಾರ ಬೆಳಿಗ್ಗೆ ಹೋದಳು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಬಾಗಿಲು ತೆಗೆದ ಮಗಳ ಮುಖ ಅರಳಿತು.

"ಬನ್ನಿ ಅಕ್ಕ! ಅಮ್ಮನ ಮಂಡಿ ನೋವು ನೋಡಿ ನೀವೇ ರಾಜೀನಾಮೆ ಕೊಡಿಸಿದ್ರಂತೆ. ನಾನು ಹೇಳಿದ್ರೆ ಅವಳು ಕೇಳ್ತಾನೇ ಇರ್ಲಿಲ್ಲ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು," ಎಂದವಳು ಸಕ್ಕರೆ ತರಲು ಕೆಳಗಿನ ಅಂಗಡಿಗೆ ಇಳಿದಳು.

ಅಕ್ಕ ನೆಲಕ್ಕೆ ಕುಸಿದು ಕೂತಳು. "ಅವಳಿಗೆ ಯಾಕೆ ಸುಳ್ಳು ಹೇಳಿದೆ ದೊಡ್ಡಮ್ಮ?"

"ಮತ್ತೇನು ಹೇಳ್ಲಿ? ಈ ಮನೇಲಿ ನಿನ್ನ ಹೆಸರು ಕೆಡೋದು ಬೇಡ ಅಂತ."

"ಆ ಸಾಲನ್ನ ನಾನು ಓದಿದ್ದೆ. ಗೊತ್ತಿದ್ದೂ ನಿಮಗ್ಯಾರಿಗೂ ಹೇಳ್ಲಿಲ್ಲ. ಇದನ್ನ ಹೇಳೋಕೇ ಬಂದೆ."

ದೊಡ್ಡಮ್ಮ ಮಂಡಿಯನ್ನು ನೀವಿಕೊಂಡಳು. "ನಾನೂ ಓದಿದ್ದೆ," ಎಂದಳು.

"ಓದಿಯೂ ಯಾಕೆ ಸಹಿ ಹಾಕಿದೆ?"

"ನಾನೇ ಹೇಳ್ತಿದ್ದೀನಿ ಅಂತ ನೀನು ಅಂದೆಯಲ್ಲ. ನಂಗೇ ಸರಿಯಾಗಿ ಅರ್ಥ ಆಗ್ಲಿಲ್ವೇನೋ ಅಂದ್ಕೊಂಡೆ."

ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅಕ್ಕನ ಎದೆ ಒಡೆದುಹೋಯಿತು. ತನ್ನ ಕಣ್ಣಾರೆ ಕಂಡದ್ದನ್ನು ಆ ಮುದುಕಿ ಇವಳ ಒಂದು ಮಾತಿಗಾಗಿ ಕಡೆಗಣಿಸಿದ್ದಳು. ಇಂಥ ನಂಬಿಕೆ ಬೆಳೆಯಲು ಹದಿನಾಲ್ಕು ವರ್ಷ ಹಿಡಿದಿತ್ತು. ಅಕ್ಕ ಅದನ್ನು ಒಂದು ಲೋಟ ಚಹಾ ಕುಡಿಯುವ ಹೊತ್ತಿನಲ್ಲಿ ಯಾರೋ ಅಧಿಕಾರಿಯ ಕೈಗೆ ಕೊಟ್ಟು ಬಂದಿದ್ದಳು. ದೊಡ್ಡಮ್ಮನ ಪಾದ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ದೊಡ್ಡಮ್ಮ ಅವಳ ಬೆನ್ನು ಸವರಿದಳು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ ಇಬ್ಬರೂ ಕಣ್ಣೊರೆಸಿಕೊಂಡರು. ಮಗಳು ಸಕ್ಕರೆಯ ಪೊಟ್ಟಣವನ್ನು ಒಲೆಯ ಪಕ್ಕದಲ್ಲಿಟ್ಟು, ಕಪಾಟಿನ ಮೇಲಿಂದ ಒಂದು ಕಾಗದ ತೆಗೆದುಕೊಂಡು ಬಂದಳು. ಮೇಲ್ಗಡೆ ಗುತ್ತಿಗೆದಾರರ ಮುದ್ರೆ ಇತ್ತು.

"ಅಮ್ಮನ ಜಾಗಕ್ಕೆ ನನ್ನ ಕರೆದಿದ್ದಾರೆ ಅಕ್ಕ. ನಾಳೇನೇ ಕೊಡ್ಬೇಕಂತೆ. ಅಮ್ಮನ್ನ ಕೇಳಿದ್ರೆ ಬಾಯೇ ಬಿಡಲ್ಲ. ನೀವು ಹೇಳಿ, ಹಾಕ್ಲಾ ಸಹಿ?"

ಅಕ್ಕ ದೊಡ್ಡಮ್ಮನನ್ನು ನೋಡಿದಳು. ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ.

"ನನ್ನ ಕೇಳ್ಬೇಡ ಕಣಮ್ಮ," ಎಂದಳು ಅಕ್ಕ. "ನನ್ನ ಮಾತು ನಂಬಬೇಡ. ಮೊದಲು ಕೂತು ಪೂರ್ತಿ ಓದು."

ಮಗಳು ನಕ್ಕಳು. "ನೀವು ಓದಿರ್ತೀರಲ್ಲ ಅಕ್ಕ, ಸಾಕು," ಎಂದು ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿಬಿಟ್ಟಳು.